ಟೈಟನ್ ಲಾಭ ಮಾಡಿದ ವರ್ಷವೇ ಈಕ್ವಿಟಿ-ಆಸ್ತಿ ಅನುಪಾತ 44ರಿಂದ 30ಕ್ಕೆ ಇಳಿದದ್ದು ಹೇಗೆ?

ಹಾಸನದ_ಓದುಗ
ಎಲ್ಲರಿಗೂ ನಮಸ್ಕಾರ. ಕಂಪನಿಗಳ ವಾರ್ಷಿಕ ವರದಿ ಓದುವುದನ್ನು ಈಗೀಗ ಕಲಿಯುತ್ತಿದ್ದೇನೆ. ಅಪ್ಪ ರಿಟೈರ್ ಆಗಿದ್ದಾರೆ. ಬಂದ ದುಡ್ಡಿನಲ್ಲಿ ಒಂದಷ್ಟನ್ನು ಷೇರಿಗೆ ಹಾಕಬೇಕು ಅಂತ ಅವರ ಆಸೆ. ಅವರಿಗೆ ಚೆನ್ನಾಗಿ ಗೊತ್ತಿರುವ ಹೆಸರು ಟೈಟನ್, ಹಾಗಾಗಿ ಅದರಿಂದಲೇ ಶುರು ಮಾಡಿದೆ.

ಸಾಲದ ಭಾರ ಎಷ್ಟಿದೆ ಅಂತ ನೋಡುವುದಕ್ಕೆ ಒಂದು ಸುಲಭ ಲೆಕ್ಕ ಇದೆಯಲ್ಲ, ಷೇರುದಾರರ ಸ್ವಂತ ಬಂಡವಾಳವನ್ನು (ಈಕ್ವಿಟಿ) ಒಟ್ಟು ಆಸ್ತಿಯಿಂದ ಭಾಗಿಸುವುದು, ಅದನ್ನೇ ಮಾಡಿದೆ. ಕನ್ಸಾಲಿಡೇಟೆಡ್ ಲೆಕ್ಕದಲ್ಲಿ, ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕದಲ್ಲಿ, 2023ರ ಮಾರ್ಚ್ ಕೊನೆಗೆ ಈಕ್ವಿಟಿ ಸುಮಾರು 11,900 ಕೋಟಿ, ಒಟ್ಟು ಆಸ್ತಿ ಸುಮಾರು 27,000 ಕೋಟಿ. ಅಂದರೆ 44%. ಒಂದು ವರ್ಷದ ನಂತರ, 2024ರ ಮಾರ್ಚ್ ಕೊನೆಗೆ, ಈಕ್ವಿಟಿ ಸುಮಾರು 9,400 ಕೋಟಿ, ಆಸ್ತಿ ಸುಮಾರು 31,500 ಕೋಟಿ. ಅಂದರೆ 30%.

ಆ ವರ್ಷ ಕಂಪನಿಗೆ ಸುಮಾರು 3,500 ಕೋಟಿ ಲಾಭ ಬಂದಿದೆ. ಲಾಭ ಬಂದರೆ ಈಕ್ವಿಟಿ ಏರಬೇಕು ತಾನೇ? ಇಲ್ಲಿ 2,500 ಕೋಟಿ ಇಳಿದಿದೆ. 50%ಗಿಂತ ಕಡಿಮೆ ಇದ್ದರೆ ಹುಷಾರು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹಾಗಾದರೆ ಟೈಟನ್ ಸಾಲದಲ್ಲಿ ಮುಳುಗುತ್ತಿದೆಯಾ?

ಬಡ್ಡಿಲೆಕ್ಕ
ಕ್ಯಾರಟ್‌ಲೇನ್, ಆ ಒಡವೆ ಕಂಪನಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಷ್ಟೇ.

ಹಾಸನದ_ಓದುಗ
ಸರ್, ಸ್ವಲ್ಪ ಬಿಡಿಸಿ ಹೇಳಿ. ಕ್ಯಾರಟ್‌ಲೇನ್ ಮೊದಲಿನಿಂದಲೂ ಟೈಟನ್‌ದೇ ಅಲ್ವಾ?

ಆಡಿಟ್_ಮಲ್ಲೇಶ್ವರ
ಟೈಟನ್‌ದೇ, ಆದರೆ ಪೂರ್ತಿ ಅಲ್ಲ. 70%ಗಿಂತ ಜಾಸ್ತಿ ಪಾಲು ಆಗಲೇ ಇತ್ತು. 2023ರ ಆಗಸ್ಟ್‌ನಲ್ಲಿ ಸ್ಥಾಪಕರ ಕಡೆ ಇದ್ದ 27.18% ಪಾಲನ್ನು 4,621 ಕೋಟಿಗೆ ಕೊಳ್ಳುವುದಾಗಿ ಹೇಳಿತು.

ಲೆಕ್ಕಪತ್ರದ ನಿಯಮ ಇಲ್ಲಿ ಮುಖ್ಯ. ಒಂದು ಕಂಪನಿ ಆಗಲೇ ನಿಮ್ಮ ಹಿಡಿತದಲ್ಲಿದ್ದರೆ ಅದರ ಆಸ್ತಿಯೆಲ್ಲ ನಿಮ್ಮ ಕನ್ಸಾಲಿಡೇಟೆಡ್ ಪಟ್ಟಿಯಲ್ಲಿ ಸೇರಿಕೊಂಡೇ ಇರುತ್ತದೆ. ಉಳಿದ ಪಾಲು ಕೊಂಡಾಗ ಹೊಸ ಆಸ್ತಿ ಏನೂ ಬರುವುದಿಲ್ಲ. ಮಾಲೀಕರ ನಡುವೆ ಪಾಲು ಕೈ ಬದಲಾಯಿತು, ಅಷ್ಟೇ. ಹಾಗಾಗಿ ಕೊಟ್ಟ ದುಡ್ಡನ್ನು ಗುಡ್‌ವಿಲ್ (ಆಸ್ತಿಗಳ ಬೆಲೆಗಿಂತ ಹೆಚ್ಚು ಕೊಟ್ಟದ್ದು) ಅಂತ ಆಸ್ತಿ ಕಡೆ ತೋರಿಸುವ ಹಾಗಿಲ್ಲ. ನೇರವಾಗಿ ಈಕ್ವಿಟಿಯಿಂದ ಕಳೆಯಬೇಕು. ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 110 ಹೇಳುವುದು ಇದನ್ನೇ.

ಈಗ ಕೂಡಿ ಕಳೆಯಿರಿ. 11,900ಕ್ಕೆ ಲಾಭ 3,500 ಸೇರಿಸಿ. ಷೇರಿಗೆ 10 ರೂಪಾಯಿಯಂತೆ ಕೊಟ್ಟ ಡಿವಿಡೆಂಡ್ ಸುಮಾರು 890 ಕೋಟಿ ಕಳೆಯಿರಿ. ಕ್ಯಾರಟ್‌ಲೇನ್‌ಗೆ ಕೊಟ್ಟ 4,621 ಕಳೆಯಿರಿ. 9,900ದ ಹತ್ತಿರ ಬರುತ್ತೀರಿ. ಉಳಿದ ವ್ಯತ್ಯಾಸ ಸಣ್ಣ ಬಾಬ್ತುಗಳದ್ದು. ಈಕ್ವಿಟಿ ಬದಲಾವಣೆಯ ಪುಟದಲ್ಲಿ ಸಾಲುಸಾಲಾಗಿ ಕೊಟ್ಟಿರುತ್ತಾರೆ.

ತುಂಗಾತೀರ
ಹಾಗಾದರೆ ಇದು ಬರೀ ಲೆಕ್ಕದ ಆಟ. ವ್ಯಾಪಾರಕ್ಕೆ ಏನೂ ಆಗಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, 44% ಅಂತಲೇ ಇಟ್ಟುಕೊಳ್ಳಿ.

ಆಡಿಟ್_ಮಲ್ಲೇಶ್ವರ
ಖಂಡಿತ ಒಪ್ಪುವುದಿಲ್ಲ. 4,621 ಕೋಟಿ ನಿಜವಾದ ದುಡ್ಡು, ಕಂಪನಿಯಿಂದ ಹೊರಗೆ ಹೋಯಿತು. ಆ ವರ್ಷ ಟೈಟನ್ ಡಿಬೆಂಚರ್ ಹೊರಡಿಸಿ ಸಾಲ ಎತ್ತಿದ್ದೂ ನಿಜ. ನಾಳೆ ವ್ಯಾಪಾರ ಕೆಟ್ಟರೆ ಸಾಲಗಾರರಿಗೂ ನಷ್ಟಕ್ಕೂ ನಡುವೆ ನಿಲ್ಲುವ ಷೇರುದಾರರ ದುಡ್ಡು ಮೊದಲಿಗಿಂತ ಕಡಿಮೆ. ಆ ಅಂತರ ಎಷ್ಟು ದಪ್ಪ ಇದೆ ಅಂತ ಹೇಳುವುದೇ ಈ ಅನುಪಾತದ ಕೆಲಸ. 30% ಅಂದರೆ 30%.

ಕಂಪನಿ ಕೆಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಮಾಲೀಕರ ದುಡ್ಡು ತೆಳುವಾಗಿದೆ, ಯಾವ ಕಾರಣಕ್ಕೆ ಅಂತ ಗೊತ್ತಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ಬಡ್ಡಿಲೆಕ್ಕ
ಇದಕ್ಕೊಂದು ಸೇರಿಸುತ್ತೇನೆ. ಅದೇ ವರದಿಯಲ್ಲಿ ಸ್ಟ್ಯಾಂಡ್‌ಅಲೋನ್ ಪಟ್ಟಿ, ಅಂದರೆ ಟೈಟನ್ ಒಂದರದ್ದೇ ಲೆಕ್ಕ ನೋಡಿ, ಅಲ್ಲಿ ಈಕ್ವಿಟಿ ಇಳಿದಿಲ್ಲ. ಅಲ್ಲಿ ಕ್ಯಾರಟ್‌ಲೇನ್ ಪಾಲು "ಅಂಗಸಂಸ್ಥೆಯಲ್ಲಿ ಹೂಡಿಕೆ" ಅಂತ ಆಸ್ತಿ ಕಡೆಗೆ ಹೋಗುತ್ತದೆ. ಒಂದೇ ವ್ಯವಹಾರ, ಎರಡು ಪಟ್ಟಿ, ಎರಡು ಅನುಪಾತ. ಯಾರಾದರೂ ಅನುಪಾತ ಹೇಳಿದರೆ ಮೊದಲು ಯಾವ ಪಟ್ಟಿಯದ್ದು ಅಂತ ಕೇಳಿ.

ದಾವಣಗೆರೆ_ಹುಡುಗಿ
ಬುಡದಿಂದ ಒಮ್ಮೆ ಯಾರಾದರೂ ಹೇಳುತ್ತೀರಾ? ನಾನು ಸೈನ್ಸ್ ಓದಿದವಳು. ಈಕ್ವಿಟಿ ಅಂದರೆ ಮಾರ್ಕೆಟ್‌ನಲ್ಲಿ ಷೇರಿನ ಬೆಲೆಯಾ?

ಆಡಿಟ್_ಮಲ್ಲೇಶ್ವರ
ಅಲ್ಲ ಮೇಡಂ. ಷೇರಿನ ಮಾರ್ಕೆಟ್ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಷೇರುದಾರರು ಮೊದಲು ಹಾಕಿದ ದುಡ್ಡು, ಜೊತೆಗೆ ಇಷ್ಟು ವರ್ಷ ಲಾಭದಲ್ಲಿ ಹಂಚದೆ ಉಳಿಸಿಕೊಂಡದ್ದು, ಇವೆರಡು ಸೇರಿ ಈಕ್ವಿಟಿ.

60 ಲಕ್ಷದ ಮನೆ ತೆಗೆದುಕೊಂಡಿರಿ ಅಂದುಕೊಳ್ಳಿ. ಕೈಯಿಂದ 15 ಲಕ್ಷ, ಬ್ಯಾಂಕಿನಿಂದ 45 ಲಕ್ಷ. ಆಸ್ತಿ 60, ಸ್ವಂತದ್ದು 15, ಅನುಪಾತ 25%. ತಿರುಗಿಸಿ ಭಾಗಿಸಿದರೆ 4. ನಿಮ್ಮ ಒಂದೊಂದು ರೂಪಾಯಿಯ ಮೇಲೆ 4 ರೂಪಾಯಿಯ ಆಸ್ತಿ ನಿಂತಿದೆ ಅಂತ ಅರ್ಥ. ಮನೆ ಬೆಲೆ 10% ಬಿದ್ದರೆ 6 ಲಕ್ಷ ಹೋಯಿತು. ಬ್ಯಾಂಕಿನ 45 ಹಾಗೇ ಇರುತ್ತದೆ. ನಿಮ್ಮ 15 ಮಾತ್ರ 9 ಆಗುತ್ತದೆ. ಆಸ್ತಿಗೆ 10% ಪೆಟ್ಟು, ನಿಮಗೆ 40% ಪೆಟ್ಟು. ಬೆಲೆ ಏರಿದರೆ ಇದೇ ಲೆಕ್ಕ ನಿಮ್ಮ ಪರವಾಗಿ. ಲಿವರೇಜ್ ಅಂದರೆ ಇಷ್ಟೇ.

ದಾವಣಗೆರೆ_ಹುಡುಗಿ
ಈಗ ಅರ್ಥ ಆಯ್ತು. ಥ್ಯಾಂಕ್ಸ್ ಸರ್.

ನಗರ್ತಪೇಟೆ_ಚಿನಿವಾರ
ನಾನು ಚಿನ್ನದ ವ್ಯಾಪಾರದವನು. ಇಲ್ಲಿ ಎಲ್ಲರೂ ಕ್ಯಾರಟ್‌ಲೇನ್ ಹಿಡಿದುಕೊಂಡಿದ್ದೀರಿ. ಹಾಸನದವರೇ, 44% ಇದ್ದಾಗ ಉಳಿದ 56% ಏನಿತ್ತು ಅಂತ ನೋಡಿದಿರಾ? ಅಸಲಿ ವಿಷಯ ಇರುವುದು ಅಲ್ಲಿ.

ಹೊಣೆಗಳ ಕಡೆ "ಗೋಲ್ಡ್ ಆನ್ ಲೋನ್" ಅಂತ ಒಂದು ಸಾಲು ಇದೆ. ಬ್ಯಾಂಕಿನಿಂದ ರೂಪಾಯಿ ತರುವುದಿಲ್ಲ, ಚಿನ್ನವನ್ನೇ ತರುತ್ತಾರೆ. ಗ್ರಾಂ ಲೆಕ್ಕದಲ್ಲಿ ಸಾಲ. ಬಡ್ಡಿ ರೂಪಾಯಿ ಸಾಲಕ್ಕಿಂತ ಕಡಿಮೆ. ಒಡವೆ ಮಾರಾಟ ಆದಾಗ ಆ ದಿನದ ಬೆಲೆಗೆ ಚಿನ್ನದ ಲೆಕ್ಕ ಚುಕ್ತಾ ಮಾಡುತ್ತಾರೆ.

ಈಗ ವ್ಯತ್ಯಾಸ ನೋಡಿ. ಒಂದು ಅಂಗಡಿಯಲ್ಲಿ 100 ರೂಪಾಯಿಯ ಚಿನ್ನ ಇದೆ, 30 ಸ್ವಂತದ್ದು, 70 ಸಾಲ. ಅನುಪಾತ 30%. ಚಿನ್ನ 20% ಬಿತ್ತು. ಸಾಲ ರೂಪಾಯಿಯಲ್ಲಿದ್ದರೆ ಸ್ಟಾಕ್ 80, ಸಾಲ ಹಾಗೇ 70, ಸ್ವಂತದ್ದು 10. ಅನುಪಾತ ಹನ್ನೆರಡೂವರೆಗೆ ಕುಸಿಯಿತು. ಸಾಲ ಚಿನ್ನದಲ್ಲಿದ್ದರೆ ಸ್ಟಾಕ್ 80, ಸಾಲವೂ 56ಕ್ಕೆ ಇಳಿಯುತ್ತದೆ, ಸ್ವಂತದ್ದು 24. ಅನುಪಾತ ಹಾಗೇ 30%. ಪೆಟ್ಟು ಬಿತ್ತು, ಆದರೆ ಅಂಗಡಿ ನಿಂತಿದೆ. ಎರಡೂ ಅಂಗಡಿಗಳ ಅನುಪಾತ ಶುರುವಿನಲ್ಲಿ ಒಂದೇ ಇತ್ತು ಅನ್ನುವುದನ್ನು ಗಮನಿಸಿ. ನಮ್ಮ ಬೀದಿಯಲ್ಲಿ ಸ್ಟಾಕ್ ತುಂಬಿಸಲು ರೂಪಾಯಿ ಸಾಲ ಮಾಡಿದವರು ಬೆಲೆ ಬಿದ್ದಾಗ ಹೇಗೆ ಒದ್ದಾಡುತ್ತಾರೆ ಅಂತ ನೋಡಿ ಬೆಳೆದವನು ನಾನು.

ಆಡಿಟ್_ಮಲ್ಲೇಶ್ವರ
ತುಂಬಾ ಒಳ್ಳೆ ವಿವರ. ಒಂದು ತಿದ್ದುಪಡಿ: ದೊಡ್ಡ ಕಂಪನಿಗಳು ಸ್ವಂತ ದುಡ್ಡಿನಿಂದ ಕೊಂಡ ಚಿನ್ನಕ್ಕೂ ಹೆಡ್ಜ್ ಮಾಡುತ್ತವೆ, ಅಂದರೆ ಬೆಲೆಯ ಏರಿಳಿತ ತಟ್ಟದ ಹಾಗೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಆಗ ಬೆಲೆ ಬಿದ್ದರೂ ಆ 30 ಹೆಚ್ಚುಕಡಿಮೆ 30 ಆಗೇ ಇರುತ್ತದೆ. ಬೆಲೆ ಏರಿದರೂ ಅಷ್ಟೇ. ಅಂದರೆ ಚಿನ್ನ 20% ಏರಿದರೆ ಸ್ಟಾಕ್ 120, ಸ್ವಂತದ್ದು 30, ಅನುಪಾತ 25%. ಒಂದು ಗ್ರಾಂ ಚಿನ್ನವೂ ಜಾಸ್ತಿ ತರದೆ ಅನುಪಾತ ಇಳಿಯಿತು. ಚಿನ್ನದ ಬೆಲೆ ಏರಿದ ವರ್ಷಗಳಲ್ಲಿ ಒಡವೆ ಕಂಪನಿಗಳ ಪಟ್ಟಿ ಓದುವಾಗ ಇದು ನೆನಪಿರಲಿ.

ನಗರ್ತಪೇಟೆ_ಚಿನಿವಾರ
ಹೌದು, ಹೆಡ್ಜ್ ಮಾಡಿದವರಿಗೆ ಹಾಗೇ. ಚಿಕ್ಕ ಅಂಗಡಿಯವರು ಯಾರೂ ಮಾಡುವುದಿಲ್ಲ.

ಗೋಕುಲಂ_ಗೃಹಿಣಿ
ನಾನು ಟೈಟನ್‌ನ ಒಡವೆ ಅಂಗಡಿ ತನಿಷ್ಕ್‌ನ ಗೋಲ್ಡನ್ ಹಾರ್ವೆಸ್ಟ್ ಸ್ಕೀಮಿಗೆ ತಿಂಗಳು ತಿಂಗಳು ಕಟ್ಟುತ್ತೇನೆ. ಆ ದುಡ್ಡು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ಬಡ್ಡಿಲೆಕ್ಕ
ಒಳ್ಳೆ ಪ್ರಶ್ನೆ ಮೇಡಂ. ಒಡವೆ ಕೈಗೆ ಬರುವ ತನಕ ಅದು ಕಂಪನಿಯ ಹೊಣೆ. "ಗ್ರಾಹಕರಿಂದ ಮುಂಗಡ" ಅಂತ ತೋರಿಸುತ್ತಾರೆ. ಅಂದರೆ ಅನುಪಾತದ ಆ ಉಳಿದ 70%ನಲ್ಲಿ ನೀವೂ ಇದ್ದೀರಿ. ಕಂಪನಿಗೆ ಇದು ಬ್ಯಾಂಕ್ ಸಾಲದ ಹಾಗೆ ಕಾಡುವ ದುಡ್ಡಲ್ಲ, ಒಡವೆ ಕೊಟ್ಟರೆ ತೀರಿತು.

ಗೋಕುಲಂ_ಗೃಹಿಣಿ
ಹಾಗಾದರೆ ಈ ಸ್ಕೀಮುಗಳೆಲ್ಲ ಒಂದು ವರ್ಷದ ಒಳಗೇ ಮುಗಿಯುವುದು ಯಾಕೆ? ಎಷ್ಟೋ ಅಂಗಡಿಗಳಲ್ಲಿ ಕೇಳಿದ್ದೇನೆ, ಎಲ್ಲ ಕಡೆ 10 ತಿಂಗಳು, 11 ತಿಂಗಳು.

ಆಡಿಟ್_ಮಲ್ಲೇಶ್ವರ
ಕಂಪನಿಗಳಿಗೆ ಇರುವ 2014ರ ಠೇವಣಿ ನಿಯಮಗಳು ಕಾರಣ. ಸರಕಿಗೆ ಅಂತ ತೆಗೆದುಕೊಂಡ ಮುಂಗಡವನ್ನು 365 ದಿನದೊಳಗೆ ಸರಕಿಗೆ ಹೊಂದಿಸದಿದ್ದರೆ ಕಾನೂನು ಅದನ್ನು ಠೇವಣಿ ಅಂತ ನೋಡುತ್ತದೆ. ಠೇವಣಿ ಆದರೆ ಬೇರೆಯೇ ಕಟ್ಟುಪಾಡು. ಅದಕ್ಕೇ ವರ್ಷದ ಒಳಗೆ ಒಡವೆ ತೆಗೆದುಕೊಳ್ಳಿ ಅನ್ನುತ್ತಾರೆ. ಬೀದಿ ಅಂಗಡಿಯಲ್ಲಿ ಬಾಯಿಮಾತಿನ ಮೇಲೆ ಎರಡು ಮೂರು ವರ್ಷದ ಚೀಟಿ ಕಟ್ಟುವವರು ಈ ಮಾತು ಗಮನಿಸಬೇಕು. ಅಂಗಡಿ ಮುಚ್ಚಿದರೆ ಭದ್ರತೆ ಇಲ್ಲದ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಮಂಡ್ಯ_ಗೌಡ
ಈ ರೇಟಲ್ಲಿ ಚಿನ್ನ ತಗೊಳ್ಳೋರು ಯಾರು ಗುರೂ. ಮಗಳ ಮದುವೆ ಇದೆ, ದಿನಾ ಬೆಳಿಗ್ಗೆ ರೇಟು ನೋಡಿದರೆ ಎದೆ ಝಲ್ ಅನ್ನುತ್ತದೆ.

ನಗರ್ತಪೇಟೆ_ಚಿನಿವಾರ
ಗೌಡ್ರೇ, ಹಳೇ ಒಡವೆ ಕೊಟ್ಟು ಹೊಸದು ಮಾಡಿಸುವವರೇ ಈಗ ಜಾಸ್ತಿ. ಮನೆಯಲ್ಲಿ ಇದ್ದರೆ ಅದನ್ನೇ ಕರಗಿಸಿ. ಮಜೂರಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ತುಂಗಾತೀರ
ವಿಷಯಕ್ಕೆ ಬರೋಣ. ನನ್ನ ವಾದ ಇದು: ಈಕ್ವಿಟಿ-ಆಸ್ತಿ ಅನುಪಾತ ಒರಟು ಲೆಕ್ಕ. ಗ್ರಾಹಕರ ಮುಂಗಡ, ಸಂಬಳದ ಬಾಕಿ, ಬ್ಯಾಂಕ್ ಸಾಲ ಎಲ್ಲವನ್ನೂ ಒಂದೇ ಮೂಟೆಗೆ ಹಾಕುತ್ತದೆ. ಇನ್ಫೋಸಿಸ್ ನೋಡಿ. ಬ್ಯಾಂಕ್ ಸಾಲ ಇಲ್ಲ. 2024ರ ಮಾರ್ಚ್‌ಗೆ ಒಟ್ಟು ಆಸ್ತಿ ಸುಮಾರು 1.38 ಲಕ್ಷ ಕೋಟಿ, ಈಕ್ವಿಟಿ ಸುಮಾರು 88,000 ಕೋಟಿ. ಅನುಪಾತ 64%. ಸಾಲವೇ ಇಲ್ಲದ ಕಂಪನಿಗೆ 36% ಹೊಣೆ ತೋರಿಸುವ ಅಳತೆ ಯಾಕೆ ಬೇಕು? ಸಾಲ-ಈಕ್ವಿಟಿ ಅನುಪಾತ ಸಾಕು.

ಬಡ್ಡಿಲೆಕ್ಕ
ಆ 36% ಸುಳ್ಳಲ್ಲವಲ್ಲ. ಕಟ್ಟಬೇಕಾದ ತೆರಿಗೆ, ಆಫೀಸ್ ಕಟ್ಟಡಗಳ ಗುತ್ತಿಗೆ, ನೌಕರರಿಗೆ ಕೊಡಬೇಕಾದ್ದು, ಕೆಲಸ ಮುಗಿಯುವ ಮೊದಲೇ ಗ್ರಾಹಕರು ಕೊಟ್ಟದ್ದು, ಎಲ್ಲ ಕೊಡಲೇಬೇಕಾದ ದುಡ್ಡು. ಬಹಳಷ್ಟಕ್ಕೆ ಬಡ್ಡಿ ಇಲ್ಲ ಅನ್ನುವುದು ನಿಜ. ಹೊಣೆ ಅಲ್ಲ ಅನ್ನುವುದು ಸುಳ್ಳು.

ಪೀಣ್ಯ_ಅಕೌಂಟ್ಸ್
ತುಂಗಾತೀರ ಅವರೇ, ಸಾಲ-ಈಕ್ವಿಟಿ ಸಾಕು ಅಂತ ಹೇಳಿದ್ದಕ್ಕೆ ನಾನು ಕಂಡದ್ದು ಹೇಳುತ್ತೇನೆ. ಹಿಂದೆ ಒಂದು ಬಿಡಿಭಾಗ ತಯಾರಿಸುವ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಬ್ಯಾಂಕ್ ಸಾಲ ಹೆಚ್ಚುಕಡಿಮೆ ಸೊನ್ನೆ. ಮಾಲೀಕರು ಬಂದವರಿಗೆಲ್ಲ "ನಮ್ಮದು ಸಾಲ ಇಲ್ಲದ ಕಂಪನಿ" ಅಂತ ಹೇಳುತ್ತಿದ್ದರು. ಆದರೆ ಸ್ಟೀಲ್ ಕೊಟ್ಟವರಿಗೆ, ಪ್ಲೇಟಿಂಗ್ ಮಾಡಿಕೊಟ್ಟವರಿಗೆ, ಜಾಬ್ ವರ್ಕ್‌ನವರಿಗೆ ಐದಾರು ತಿಂಗಳ ಬಾಕಿ. ಈಕ್ವಿಟಿ ಒಟ್ಟು ಆಸ್ತಿಯ ಐದನೇ ಒಂದು ಭಾಗವೂ ಇರಲಿಲ್ಲ. ಬಿಲ್ ಫೈಲು ಹಿಡಿದುಕೊಂಡು ಸ್ಟೀಲ್‌ನವರು ಬೆಳಿಗ್ಗೆಯೇ ರಿಸೆಪ್ಷನ್‌ನಲ್ಲಿ ಬಂದು ಕೂರುತ್ತಿದ್ದರು. ಊಟದ ಹೊತ್ತಿಗೆ ಅವರ ಹುಡುಗ ಗೇಟಿನಲ್ಲಿ ಲಾರಿ ನಿಲ್ಲಿಸಿ "ಚೆಕ್ ಕೊಟ್ಟರೆ ಮಾತ್ರ ಅನ್‌ಲೋಡ್" ಅನ್ನುತ್ತಿದ್ದ. ಒಬ್ಬರು ಮಾಲು ನಿಲ್ಲಿಸಿದರು ಅಂತ ಗೊತ್ತಾದ ವಾರದಲ್ಲೇ ಉಳಿದವರೂ ನಿಲ್ಲಿಸಿದರು. ಬ್ಯಾಂಕಾದರೆ ಕಂತು ಮುಂದೂಡುತ್ತದೆ, ಕೂತು ಮಾತಾಡುತ್ತದೆ. ಸಪ್ಲೈಯರ್ ಹಾಗೆ ಕಾಯುವುದಿಲ್ಲ.

ಸಾಲ-ಈಕ್ವಿಟಿ ನೋಡಿದ್ದರೆ ಆ ಕಂಪನಿ ಚಿನ್ನದಂಥದ್ದು. ಈಕ್ವಿಟಿ-ಆಸ್ತಿ ನೋಡಿದ್ದರೆ ತಕ್ಷಣ ಗೊತ್ತಾಗುತ್ತಿತ್ತು.

ಆಡಿಟ್_ಮಲ್ಲೇಶ್ವರ
ಇದಕ್ಕೇ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಅನ್ನುವ ಕಲಂ ತಂದದ್ದು. 2024ರ ಏಪ್ರಿಲ್‌ನಿಂದ, ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ್ದನ್ನು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡದಿದ್ದರೆ, ಕೊಡುವ ತನಕ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ.

ಪೀಣ್ಯ_ಅಕೌಂಟ್ಸ್
ಸಣ್ಣವರಿಗೆ ಅದರಿಂದ ಉಪಕಾರ ಆಗಿದೆ. ಆದರೆ ಕೆಲವು ದೊಡ್ಡವರು ನೋಂದಣಿ ಇಲ್ಲದವರ ಹತ್ತಿರ ಕೊಳ್ಳಲು ಶುರು ಮಾಡಿದ್ದಾರೆ. ಅದು ಬೇರೆ ಕಥೆ.

ತುಂಗಾತೀರ
ಸರಿ, ಸಣ್ಣ ಕಂಪನಿಗಳಿಗೆ ಒಪ್ಪುತ್ತೇನೆ. ಆದರೆ ಅನುಪಾತ ಏರಿದರೆ ಕಂಪನಿ ಗಟ್ಟಿಯಾಯಿತು ಅಂತ ಅರ್ಥವಾ? ಹಿಂದೂಸ್ತಾನ್ ಯೂನಿಲಿವರ್ ನೋಡಿ. 2020ರ ಏಪ್ರಿಲ್ 1ಕ್ಕೆ ಹಾರ್ಲಿಕ್ಸ್‌ನ ಜಿಎಸ್‌ಕೆ ಕನ್ಸ್ಯೂಮರ್ ಅದರೊಳಗೆ ವಿಲೀನ ಆಯಿತು. ವಿಲೀನಕ್ಕೆ ದುಡ್ಡು ಕೊಡಲಿಲ್ಲ, ಒಂದು ಜಿಎಸ್‌ಕೆ ಷೇರಿಗೆ 4.39 ಯೂನಿಲಿವರ್ ಷೇರು ಕೊಟ್ಟರು. ಈಕ್ವಿಟಿ 8,000 ಕೋಟಿಯ ಆಸುಪಾಸಿನಿಂದ 47,000 ಕೋಟಿಗೂ ಮೇಲೆ ಹೋಯಿತು. ಅನುಪಾತ 40ರ ಹತ್ತಿರ ಇದ್ದದ್ದು 70ರ ಹತ್ತಿರ. ಯಾವ ಸಾಲವನ್ನೂ ತೀರಿಸದೆ! ಆಸ್ತಿ ಕಡೆ ಬಂದದ್ದು ಏನು? 17,000 ಕೋಟಿಗೂ ಜಾಸ್ತಿ ಗುಡ್‌ವಿಲ್, ಅದರ ಮೇಲೆ ಬ್ರ್ಯಾಂಡ್‌ಗಳ ಬೆಲೆ.

ಬಡ್ಡಿಲೆಕ್ಕ
ಈ ಉದಾಹರಣೆ ನಿಮ್ಮ ಎಲ್ಲ ವಾದಕ್ಕಿಂತ ಗಟ್ಟಿ. ಟೈಟನ್ ಜೊತೆ ಹೋಲಿಸಿ ನೋಡಿ. ಹೊರಗಿನ ಕಂಪನಿಯನ್ನು ಷೇರು ಕೊಟ್ಟು ಕೊಂಡರೆ ಗುಡ್‌ವಿಲ್ ಆಸ್ತಿ ಆಗುತ್ತದೆ, ಅನುಪಾತ ಏರುತ್ತದೆ. ಆಗಲೇ ಕೈಯಲ್ಲಿರುವ ಕಂಪನಿಯ ಉಳಿದ ಪಾಲನ್ನು ದುಡ್ಡು ಕೊಟ್ಟು ಕೊಂಡರೆ ಈಕ್ವಿಟಿ ಕರಗುತ್ತದೆ, ಅನುಪಾತ ಇಳಿಯುತ್ತದೆ. ಕೊಂಡದ್ದು ಎರಡೂ ಕಡೆ ಒಳ್ಳೆ ವ್ಯಾಪಾರವೇ.

ಅದಕ್ಕೇ ನಾನು ಗುಡ್‌ವಿಲ್, ಬ್ರ್ಯಾಂಡ್ ಎರಡನ್ನೂ ಆಸ್ತಿಯಿಂದಲೂ ಈಕ್ವಿಟಿಯಿಂದಲೂ ಕಳೆದು ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ. ಎರಡು ಅನುಪಾತಗಳ ನಡುವೆ ಅಂತರ ಜಾಸ್ತಿ ಇದ್ದರೆ, ಆ ಬ್ರ್ಯಾಂಡ್ ನಿಜಕ್ಕೂ ದುಡ್ಡು ತರುತ್ತಿದೆಯಾ ಅಂತ ಲಾಭ-ನಷ್ಟದ ಪಟ್ಟಿಯಲ್ಲಿ ಹುಡುಕುತ್ತೇನೆ. ಹಾರ್ಲಿಕ್ಸ್ ವರ್ಷವೂ ಮಾರಾಟ ಆಗುತ್ತದೆ. ಎಲ್ಲ ಬ್ರ್ಯಾಂಡೂ ಹಾಗಲ್ಲ.

ಕೋರಮಂಗಲ_ಟೆಕ್ಕಿ
ಬೆಂಗಳೂರಿನವರಿಗೆ ಕಿಂಗ್‌ಫಿಷರ್ ಏರ್‌ಲೈನ್ಸ್ ಗಿಂತ ಬೇರೆ ಉದಾಹರಣೆ ಬೇಕಾ? ಬ್ರ್ಯಾಂಡ್‌ಗೆ ಒಂದು ಕಾಲದಲ್ಲಿ 4,000 ಕೋಟಿಗೂ ಮೇಲೆ ಬೆಲೆ ಕಟ್ಟಿದ್ದರು. 2016ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಅದನ್ನು 366.70 ಕೋಟಿ ಕನಿಷ್ಠ ಬೆಲೆಗೆ ಹರಾಜಿಗೆ ಇಟ್ಟಾಗ ಒಬ್ಬರೂ ಕೂಗಲಿಲ್ಲ.

ಆಡಿಟ್_ಮಲ್ಲೇಶ್ವರ
ಅದು ಬ್ಯಾಂಕುಗಳ ಹತ್ತಿರ ಅಡಮಾನ ಇಟ್ಟ ಬ್ರ್ಯಾಂಡ್. ಆಸ್ತಿ ಪಟ್ಟಿಯಲ್ಲಿ ಆ ಬೆಲೆಗೆ ಸೇರಿದ್ದಲ್ಲ. ತಾನೇ ಬೆಳೆಸಿದ ಬ್ರ್ಯಾಂಡನ್ನು ಕಂಪನಿ ಆಸ್ತಿ ಅಂತ ತೋರಿಸುವ ಹಾಗಿಲ್ಲ, ಹೊರಗಿನಿಂದ ಕೊಂಡದ್ದನ್ನು ಮಾತ್ರ ತೋರಿಸಬಹುದು. ಬ್ರ್ಯಾಂಡ್ ಬೆಲೆ ಕಂಪನಿ ಓಡುವ ತನಕ ಮಾತ್ರ ಅನ್ನುವ ನಿಮ್ಮ ಮಾತು ಮಾತ್ರ ಸರಿ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, ಬ್ರ್ಯಾಂಡ್ ಬೆಲೆಯೂ ಅಲ್ಲಿಗೇ ನಿಂತಿತು. ಅಷ್ಟು ಹೊತ್ತಿಗಾಗಲೇ ಆ ಕಂಪನಿಯ ಈಕ್ವಿಟಿ ಸೊನ್ನೆಯ ಕೆಳಗಿತ್ತು.

ಕೋರಮಂಗಲ_ಟೆಕ್ಕಿ
ಹಾಗಾದರೆ ಈಕ್ವಿಟಿ ಸೊನ್ನೆಗಿಂತ ಕೆಳಗೆ ಹೋದರೆ ಕಂಪನಿ ಮುಗಿಯಿತು ಅಂತಲೇ?

ಪೀಣ್ಯ_ಅಕೌಂಟ್ಸ್
ಇಲ್ಲ. ಇಂಡಿಗೋ ನೋಡಿ. 2022 ಮತ್ತು 2023ರ ಮಾರ್ಚ್ ಕೊನೆಯಲ್ಲಿ ಅದರ ಈಕ್ವಿಟಿ ಮೈನಸ್. ಕೋವಿಡ್ ನಷ್ಟ ಅಷ್ಟು ದೊಡ್ಡದು. ಅದರ ಮೇಲೆ 2019ರ ಏಪ್ರಿಲ್ 1ರಿಂದ ಬಂದ ಇಂಡ್ ಎಎಸ್ 116, ಬಾಡಿಗೆ-ಗುತ್ತಿಗೆಯ ಲೆಕ್ಕದ ಮಾನದಂಡ. ಮೊದಲು ಬಾಡಿಗೆ ವಿಮಾನಗಳಲ್ಲಿ ಬಹಳಷ್ಟು ಪಟ್ಟಿಯ ಹೊರಗೆ ಇರುತ್ತಿದ್ದವು, ಟಿಪ್ಪಣಿಯಲ್ಲಿ ಮಾತ್ರ ಕಾಣುತ್ತಿದ್ದವು. ಆಮೇಲೆ ಬಾಡಿಗೆ ಹಕ್ಕು ಆಸ್ತಿ ಕಡೆ, ಮುಂದೆ ಕೊಡಬೇಕಾದ ಬಾಡಿಗೆ ಹೊಣೆ ಕಡೆ ಬಂದು ಕೂತವು. ಡಾಲರ್‌ನಲ್ಲಿ ಕೊಡಬೇಕಾದ್ದು, ರೂಪಾಯಿ ಇಳಿದರೆ ಹೊಣೆ ಉಬ್ಬುತ್ತದೆ. ಆದರೂ ಕೈಯಲ್ಲಿ ನಗದು ಇತ್ತು, ವಿಮಾನ ಹಾರುತ್ತಿತ್ತು, ಜನ ಮುಂಗಡ ಟಿಕೆಟ್ ಕೊಳ್ಳುತ್ತಿದ್ದರು. 2024ರ ಮಾರ್ಚ್ ಹೊತ್ತಿಗೆ ಈಕ್ವಿಟಿ ಮತ್ತೆ ಪ್ಲಸ್.

ಎರಡೂ ವಿಮಾನ ಕಂಪನಿ, ಎರಡರದ್ದೂ ಮೈನಸ್. ಒಂದರ ಹತ್ತಿರ ನಗದು ಇತ್ತು, ಇನ್ನೊಂದರ ಹತ್ತಿರ ಸಂಬಳಕ್ಕೂ ಇರಲಿಲ್ಲ.

ಶಿರಸಿ_ಅಡಕೆ
ಬ್ಯಾಂಕುಗಳಿಗೂ ಈ 50% ನಿಯಮ ಹಚ್ಚಬಹುದಾ? ನಮ್ಮ ಕಡೆ ಸೊಸೈಟಿಗಳ ಅಢಾವೆ ಪತ್ರಿಕೆ ನೋಡಿದರೆ ಷೇರು ಬಂಡವಾಳ, ನಿಧಿಗಳು ಎಲ್ಲ ಸೇರಿದರೂ ಹತ್ತು-ಹನ್ನೆರಡು ಪರ್ಸೆಂಟ್.

ಬಡ್ಡಿಲೆಕ್ಕ
ಖಂಡಿತ ಹಚ್ಚಬಾರದು. ಬ್ಯಾಂಕಿನ ಕಸುಬೇ ಬೇರೆಯವರ ದುಡ್ಡನ್ನು ಸಾಲ ಕೊಡುವುದು. ನಮ್ಮ ಠೇವಣಿ ಅವರ ಹೊಣೆ, ಕೊಟ್ಟ ಸಾಲ ಅವರ ಆಸ್ತಿ. ಆರ್‌ಬಿಐ 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳಿಗೆ ಇಟ್ಟಿರುವ ಕನಿಷ್ಠ ಲಿವರೇಜ್ ಮಿತಿ, ಅಂದರೆ ಒಟ್ಟು ಆಸ್ತಿಗೆ ಹೋಲಿಸಿದರೆ ಇರಬೇಕಾದ ಸ್ವಂತ ಬಂಡವಾಳ, ಸುಮಾರಾಗಿ 3.5%. ಎಸ್‌ಬಿಐ ಥರದ, ಬಿದ್ದರೆ ದೇಶಕ್ಕೇ ಪೆಟ್ಟು ಬೀಳುವ ಬ್ಯಾಂಕುಗಳಿಗೆ 4%. ಅಪಾಯಕ್ಕೆ ತಕ್ಕಂತೆ ಲೆಕ್ಕ ಹಾಕುವ ಬಂಡವಾಳದ ನಿಯಮ ಬೇರೆ ಇದೆ.

ಅಷ್ಟು ತೆಳು ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಇದೆ. 2007ರ ನವೆಂಬರ್ ಕೊನೆಗೆ ಆಸ್ತಿ ಸುಮಾರು 691 ಬಿಲಿಯನ್ ಡಾಲರ್, ಈಕ್ವಿಟಿ 22.5 ಬಿಲಿಯನ್. ಅನುಪಾತ ಮೂರೂಕಾಲು ಪರ್ಸೆಂಟ್. ಆಸ್ತಿ ಬೆಲೆ ನೂರಕ್ಕೆ ನಾಲ್ಕು ಬಿದ್ದರೆ ಸ್ವಂತ ದುಡ್ಡೆಲ್ಲ ಹೋದ ಹಾಗೆ. ಜನರ ಠೇವಣಿಯೂ ಅಲ್ಲ, ಬಹಳಷ್ಟು ದಿನದಿನಕ್ಕೆ ತಿರುವಿ ಹಾಕುವ ಸಾಲ. 2008ರ ಸೆಪ್ಟೆಂಬರ್ 15ಕ್ಕೆ ದಿವಾಳಿ ಅರ್ಜಿ ಹಾಕಿತು.

ಶಿರಸಿ_ಅಡಕೆ
ಸಹಕಾರಿಗಳಲ್ಲಿ ಇನ್ನೊಂದು ಇದೆ. ಬಹಳ ಕಡೆ ಸಾಲ ತೆಗೆದುಕೊಳ್ಳುವಾಗ ಸಾಲದ ಇಷ್ಟು ಪರ್ಸೆಂಟ್ ಅಂತ ಷೇರು ಕೊಳ್ಳಬೇಕು. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಭದ್ರತೆ ಇರುವ ಸಾಲಕ್ಕೆ 2.5%, ಇಲ್ಲದ್ದಕ್ಕೆ 5% ಅನ್ನುವ ಲೆಕ್ಕ ಬಹಳ ಕಾಲ ಕಡ್ಡಾಯ ಇತ್ತು. ಹಾಗಾಗಿ ಸಾಲ ಜಾಸ್ತಿ ಕೊಟ್ಟ ವರ್ಷ ಷೇರು ಬಂಡವಾಳವೂ ಏರುತ್ತದೆ. ಮಹಾಸಭೆಯಲ್ಲಿ ಅಧ್ಯಕ್ಷರು "ಬಂಡವಾಳ ಹೆಚ್ಚಿದೆ" ಅಂತ ಓದುತ್ತಾರೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಸಾಲ ತೀರಿದ ಮೇಲೆ ಸದಸ್ಯರು ಷೇರು ವಾಪಸ್ ಕೇಳಬಹುದು. ವಾಪಸ್ ಹೋಗಬಹುದಾದ ಬಂಡವಾಳವನ್ನೂ ಲಾಭದಿಂದ ಕೂಡಿಟ್ಟ ಆಪದ್ಧನ ನಿಧಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ನಾನು ಸೊಸೈಟಿ ವರದಿ ಕೈಗೆ ಬಂದರೆ ಮೊದಲು ನಿಧಿಗಳ ಸಾಲು ನೋಡುತ್ತೇನೆ, ಆಮೇಲೆ ಕಟಬಾಕಿ.

ಆಡಿಟ್_ಮಲ್ಲೇಶ್ವರ
ಇದನ್ನು ಎಲ್ಲ ಸೊಸೈಟಿ ಸದಸ್ಯರೂ ಓದಬೇಕು.

ಕೋರಮಂಗಲ_ಟೆಕ್ಕಿ
ಮತ್ತೆ ಟೈಟನ್‌ಗೆ. ಆ ವರ್ಷ ಅದರ ರಿಟರ್ನ್ ಆನ್ ಈಕ್ವಿಟಿ, ಅಂದರೆ ಈಕ್ವಿಟಿಗೆ ಲಾಭ ನೂರಕ್ಕೆ ಎಷ್ಟು ಅನ್ನುವ ಲೆಕ್ಕ, 27%ರಿಂದ 37%ಕ್ಕೆ ಜಿಗಿದಿದೆ. ಎಲ್ಲ ಆ್ಯಪ್‌ಗಳಲ್ಲೂ ಹಸಿರು ಬಣ್ಣದಲ್ಲಿ ತೋರಿಸುತ್ತಾರೆ. ಅದು ಒಳ್ಳೆಯದೇ ತಾನೇ?

ಬಡ್ಡಿಲೆಕ್ಕ
ಇದು ಈ ಚರ್ಚೆಯ ಮುಖ್ಯ ಪ್ರಶ್ನೆ. ಲಾಭ ಸುಮಾರು 3,270 ಕೋಟಿಯಿಂದ 3,500ಕ್ಕೆ ಹೋಯಿತು, ಅಂದರೆ ಹೆಚ್ಚಳ ಸುಮಾರು 7%. ಆ ಲಾಭವನ್ನು ಭಾಗಿಸುವ ಈಕ್ವಿಟಿ 11,900ರಿಂದ 9,400ಕ್ಕೆ ಇಳಿಯಿತು. ಭಾಗಿಸಿದರೆ 27 ಹೋಗಿ 37. ಅಂಗಡಿಯಲ್ಲಿ ವ್ಯಾಪಾರ ಅಷ್ಟು ಜೋರಾಗಿ ಸುಧಾರಿಸಿದ್ದಕ್ಕೆ ಬಂದದ್ದಲ್ಲ.

ಡುಪಾಂಟ್ ಲೆಕ್ಕ ಹಾಕಿ ನೋಡಿ. ರಿಟರ್ನ್ ಆನ್ ಈಕ್ವಿಟಿ ಅಂದರೆ ಮೂರರ ಗುಣಾಕಾರ: ಮಾರಾಟದ ಮೇಲಿನ ಲಾಭದ ಪ್ರಮಾಣ, ಆಸ್ತಿಯ ಮೇಲೆ ಎಷ್ಟು ಮಾರಾಟ, ಮತ್ತು ಈಕ್ವಿಟಿಯ ಎಷ್ಟು ಪಟ್ಟು ಆಸ್ತಿ. ಮೂರನೆಯದು ನಮ್ಮ ಅನುಪಾತವನ್ನು ತಿರುಗಿಸಿದ್ದು. ಅದು 2.3ರ ಹತ್ತಿರ ಇದ್ದದ್ದು 3.4ರ ಹತ್ತಿರ ಬಂತು. ಆ ಜಿಗಿತ ಬಂದದ್ದೇ ಅಲ್ಲಿಂದ. ರಿಟರ್ನ್ ಆನ್ ಈಕ್ವಿಟಿ ನೋಡಿ ಷೇರು ಕೊಳ್ಳುವವರು ಪಕ್ಕದಲ್ಲೇ ಈ ಅನುಪಾತ ಇಟ್ಟುಕೊಳ್ಳದಿದ್ದರೆ, ಅಪಾಯ ಜಾಸ್ತಿ ಆದದ್ದನ್ನೇ ಸಾಮರ್ಥ್ಯ ಜಾಸ್ತಿ ಆಯಿತು ಅಂದುಕೊಳ್ಳುತ್ತಾರೆ.

ತುಂಗಾತೀರ
ಇದನ್ನು ಒಪ್ಪುತ್ತೇನೆ. ಆದರೆ 50% ಒಳ್ಳೆಯದು, 30% ಕೆಟ್ಟದ್ದು ಅನ್ನುವ ಗೆರೆಯನ್ನು ಯಾರೂ ಸಮರ್ಥಿಸಲಿಲ್ಲ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಪೀಣ್ಯ_ಅಕೌಂಟ್ಸ್
ಆ ಗೆರೆ ನಮಗೂ ಬೇಡ. ಅದೇ ಕಸುಬಿನ ಕಂಪನಿಗಳ ಜೊತೆ ಹೋಲಿಸಿ, ಅದೇ ಕಂಪನಿಯ ಹಿಂದಿನ ವರ್ಷಗಳ ಜೊತೆ ಹೋಲಿಸಿ. ಬ್ಯಾಂಕಿಗೂ ಸಾಫ್ಟ್‌ವೇರ್‌ಗೂ ಒಂದೇ ಗೆರೆ ಎಳೆದರೆ ಯಾರಿಗೂ ಉಪಯೋಗ ಇಲ್ಲ.

ಹಾಸನದ_ಓದುಗ
ಎಲ್ಲರಿಗೂ ತುಂಬಾ ಧನ್ಯವಾದ. ವರದಿ ತೆರೆದುಕೊಂಡು ಕೂತಿದ್ದೇನೆ. ಈ 70% ಹೊಣೆಯನ್ನು ಬಿಡಿಸಿ ನೋಡಬೇಕು ಅಂದರೆ ಯಾವ ಯಾವ ಸಾಲು ಹಿಡಿಯಬೇಕು?

ಆಡಿಟ್_ಮಲ್ಲೇಶ್ವರ
ಕನ್ಸಾಲಿಡೇಟೆಡ್ ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಗಳ ಭಾಗಕ್ಕೆ ಹೋಗಿ. ಬಾರೋಯಿಂಗ್ಸ್ (ಸಾಲ), ಲೀಸ್ ಲಯಬಿಲಿಟಿ (ಮುಂದೆ ಕೊಡಬೇಕಾದ ಬಾಡಿಗೆ), ಗೋಲ್ಡ್ ಆನ್ ಲೋನ್, ಟ್ರೇಡ್ ಪೇಯಬಲ್ಸ್ (ಸಪ್ಲೈಯರ್‌ಗಳ ಬಾಕಿ), ಗ್ರಾಹಕರ ಮುಂಗಡ. ಕೆಲವು ಸಾಲು ದೀರ್ಘಾವಧಿ, ಅಲ್ಪಾವಧಿ ಅಂತ ಎರಡು ಕಡೆ ಬರುತ್ತವೆ, ಕೂಡಿಸಿಕೊಳ್ಳಿ. ಪ್ರತಿ ಸಾಲಿನ ಪಕ್ಕ ಟಿಪ್ಪಣಿ ಸಂಖ್ಯೆ ಇರುತ್ತದೆ, ಆ ಟಿಪ್ಪಣಿ ಓದಿ. ಯಾವಾಗ ತೀರಿಸಬೇಕು, ಬಡ್ಡಿ ಎಷ್ಟು, ಅಡಮಾನ ಏನು ಅಂತ ಅಲ್ಲೇ ಇರುತ್ತದೆ. ಆಮೇಲೆ ಲಾಭ-ನಷ್ಟದ ಪಟ್ಟಿಯಲ್ಲಿ ಬಡ್ಡಿ ಖರ್ಚು ನೋಡಿ. ಬಡ್ಡಿಗೆ ಮುಂಚಿನ ಲಾಭ ಅದರ ಎಷ್ಟು ಪಟ್ಟು ಇದೆ ಅಂತ ಲೆಕ್ಕ ಹಾಕಿ.

ನಗರ್ತಪೇಟೆ_ಚಿನಿವಾರ
ಗೋಲ್ಡ್ ಆನ್ ಲೋನ್ ಪಕ್ಕದಲ್ಲೇ ಸ್ಟಾಕ್ ಎಷ್ಟು ಅಂತಲೂ ಬರೆದುಕೊಳ್ಳಿ. ಸಾಲದ ಚಿನ್ನಕ್ಕಿಂತ ಸ್ಟಾಕ್ ಜಾಸ್ತಿ ಇರಬೇಕು. ಆ ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದರೆ ನಮ್ಮ ಕಸುಬಿನವರು ಅದನ್ನೇ ಮೊದಲು ಕೇಳುತ್ತಾರೆ.

ಹಾಸನದ_ಓದುಗ
ಸರಿ ಸರ್. ಈ ಐದು ಸಾಲುಗಳನ್ನು ಎರಡೂ ವರ್ಷಕ್ಕೆ ಬರೆದು ಇಲ್ಲೇ ಹಾಕುತ್ತೇನೆ. ಅಪ್ಪನಿಗೆ ಅಲ್ಲಿಯ ತನಕ ಕೊಳ್ಳಬೇಡಿ ಅಂತ ಹೇಳಿದ್ದೇನೆ.

ಬಡ್ಡಿಲೆಕ್ಕ
ಎರಡು ಸಾಲದು, ಐದು ವರ್ಷಕ್ಕೆ ಹಾಕಿ. ಕೋವಿಡ್ ವರ್ಷವೂ ಅದರಲ್ಲಿ ಬರಲಿ, ಅಂಗಡಿಗಳು ಮುಚ್ಚಿದ್ದಾಗ ಆ ಹೊಣೆಗಳು ಹೇಗೆ ನಡೆದುಕೊಂಡವು ಅಂತ ಗೊತ್ತಾಗುತ್ತದೆ.